ಒಡೆದ ಲೋಷನ್ ಕೂಡಿಕೊಂಡಿದ್ದು ಹೀಗೆ

ನಾನೇ ಮಾಡಿಕೊಂಡ ಲೋಷನ್ ಮೂರನೇ ದಿನಕ್ಕೆ ಒಡೆದುಹೋಯ್ತು. ಮೇಲೆ ಎಣ್ಣೆಯ ಪದರ, ಕೆಳಗೆ ಮಾಸಲು ನೀರು. ಎಷ್ಟು ಕಲಕಿದರೂ ಹತ್ತೇ ನಿಮಿಷಕ್ಕೆ ಮತ್ತೆ ಬೇರೆ ಬೇರೆ.

ಎಡವಿದ್ದು ಎಮಲ್ಸಿಫೈಯರ್ (ಎಣ್ಣೆ, ನೀರು ಬೇರೆಯಾಗದಂತೆ ಹಿಡಿದಿಡುವ ವಸ್ತು) ಆರಿಸುವಾಗ. ನಾನು ಹಾಕಿದ್ದು ಸಾದಾ ಗ್ಲಿಸರಿಲ್ ಸ್ಟಿಯರೇಟ್. ಐಸ್‌ಕ್ರೀಂ, ಬ್ರೆಡ್ ಪೊಟ್ಟಣದ ಮೇಲೆ ಇ471 ಅಂತ ಕಾಣುತ್ತಲ್ಲ, ಆ ಗುಂಪಿನದೇ. ಎಮಲ್ಸಿಫೈಯರ್ ಒಲವು ನೀರಿನ ಕಡೆಗೋ ಎಣ್ಣೆಯ ಕಡೆಗೋ ಅಂತ ಹೇಳುವ ಅಂಕಿ ಎಚ್‌ಎಲ್‌ಬಿ; ಇದರದ್ದು ಕಡಿಮೆ, ಸುಮಾರು 3.8, ಅಂದರೆ ಒಲವೆಲ್ಲ ಎಣ್ಣೆಯ ಕಡೆಗೆ. ನೀರಿನಲ್ಲಿ ಎಣ್ಣೆಹನಿಗಳನ್ನು ತಾನೊಂದೇ ಹಿಡಿದಿಡುವ ತಾಕತ್ತು ಅದಕ್ಕಿಲ್ಲ.

ಅದರದೇ, ಸ್ವಲ್ಪ ಸೋಪಿನಂಶ ಇರುವ ‘ಎಸ್‌ಇ’ (ಸೆಲ್ಫ್ ಎಮಲ್ಸಿಫೈಯಿಂಗ್, ಅಂದರೆ ಎಣ್ಣೆ-ನೀರನ್ನು ತಾನೇ ಕೂಡಿಸಬಲ್ಲ) ಬಗೆ ತರಿಸಿದೆ. ಒಟ್ಟು ತೂಕದ ಶೇ. 5ರಷ್ಟನ್ನು ಎಣ್ಣೆಗೆ ಹಾಕಿ, ಎಣ್ಣೆ, ನೀರು ಎರಡನ್ನೂ 75 ಡಿಗ್ರಿಗೆ ಕಾಯಿಸಿ ಸೇರಿಸಿದೆ. ನೀರು ತಣ್ಣಗಿದ್ದರೆ ಮೇಣದ ಕಾಳುಗಳಾಗುತ್ತವೆ (ಅದನ್ನೂ ಒಮ್ಮೆ ಮಾಡಿ ನೋಡಿದ್ದಾಯ್ತು). ಆರುವವರೆಗೂ ಕಲಕುತ್ತಲೇ ಇದ್ದೆ. ತಿಂಗಳಾಯ್ತು, ಬಾಟಲಿ ಓರೆ ಮಾಡಿದರೂ ಎಣ್ಣೆ ಬಿಟ್ಟಿಲ್ಲ.