ಸಣ್ಣ ಔಟ್‌ಬೋರ್ಡ್ ಮೋಟರ್ ಬೇಕಾ? ಮೊದಲು ಟೇಪು ಹಿಡಿಯಿರಿ

"ಎಷ್ಟು ಎಚ್‌ಪಿ ತಗೋಬೇಕು?" ಔಟ್‌ಬೋರ್ಡ್, ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಮೋಟರ್, ತಗೊಳ್ಳುವಾಗ ಎಲ್ಲರೂ ಮೊದಲು ಕೇಳುವುದು ಇದನ್ನೇ. ಆ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ದೊಡ್ಡ ದೋಣಿಗೆ ಸ್ಟೆಪ್ನಿ ಥರ ಒಂದು ಮೋಟರ್ ಇರಲಿ, ಅದೇ ಮೋಟರ್ ದಡಕ್ಕೆ ಹೋಗಿಬರುವ ಪುಟ್ಟ ದೋಣಿಗೂ (ಡಿಂಗಿ) ಆಗಲಿ ಅನ್ನುವವರಿಗೆ ತಲೆನೋವು ಬರುವುದು ಎಚ್‌ಪಿಯಿಂದಲ್ಲ, ಶಾಫ್ಟಿನ (ಎಂಜಿನ್ನಿನಿಂದ ಪ್ರೊಪೆಲ್ಲರಿನವರೆಗೆ ಕೆಳಗಿಳಿಯುವ ಕಾಲಿನ) ಉದ್ದ ಮತ್ತು ಮೋಟರಿನ ತೂಕದಿಂದ.

ಮೊದಲು ಅಳತೆ

ದೋಣಿಯ ಹಿಂಬದಿಯಲ್ಲಿ ಮೋಟರ್ ಸಿಕ್ಕಿಸುವ ಹಲಗೆ ಇದೆಯಲ್ಲ, ಟ್ರಾನ್ಸಮ್ ಅಂತಾರೆ. ಅದರ ಮೇಲಂಚಿನಿಂದ ದೋಣಿಯ ತಳದವರೆಗೆ ಅಳೆಯಿರಿ. 15 ಇಂಚಿನ ಆಸುಪಾಸು ಬಂದರೆ ಶಾರ್ಟ್ ಶಾಫ್ಟ್, 20 ಆದರೆ ಲಾಂಗ್, 25 ಆದರೆ ಎಕ್ಸ್‌ಟ್ರಾ ಲಾಂಗ್. ಮೋಟರನ್ನು ಏರಿಸಿ ಇಳಿಸುವ ಬ್ರಾಕೆಟ್ ಹಾಕುವುದಾದರೆ, ಅದನ್ನು ಪೂರ್ತಿ ಕೆಳಗಿಳಿಸಿ ಅಲ್ಲಿಂದ ಅಳೆಯಬೇಕು. ಪ್ರೊಪೆಲ್ಲರಿನ ಮೇಲ್ಗಡೆ ಒಂದು ಚಪ್ಪಟೆ ತಟ್ಟೆ ಇರುತ್ತದೆ, ಅದು ದೋಣಿಯ ತಳಕ್ಕಿಂತ ಸುಮಾರು ಒಂದು ಇಂಚು ಕೆಳಗಿರಬೇಕು. ಇಲ್ಲದಿದ್ದರೆ ಪ್ರೊಪೆಲ್ಲರ್ ಗಾಳಿ ಎಳೆದುಕೊಂಡು ಸುಮ್ನೆ ತಿರುಗುತ್ತದೆ, ಎಂಜಿನ್ ಅರಚುತ್ತದೆ, ದೋಣಿ ಮಾತ್ರ ಮುಂದೆ ಹೋಗುವುದಿಲ್ಲ. ಹಾಯಿದೋಣಿಯಲ್ಲಿ ಇದು ಇನ್ನೂ ಜಾಸ್ತಿ, ಯಾಕೆಂದರೆ ಅಲೆಗೆ ಮೂತಿ ಕೆಳಗೆ ಹೋದಾಗಲೆಲ್ಲ ಹಿಂಭಾಗ ಮೇಲೇಳುತ್ತದೆ. ಮೋಟರ್ ಬೇಕೇಬೇಕು ಅನ್ನಿಸುವುದೂ ಅಂಥ ಹೊತ್ತಿನಲ್ಲೇ.

ತೊಡಕು ಇರುವುದು ಇಲ್ಲೇ. ಗಾಳಿ ತುಂಬುವ ಡಿಂಗಿಗಳಲ್ಲಿ ಹೆಚ್ಚಿನವು 15 ಇಂಚಿನವು. ದೊಡ್ಡ ದೋಣಿಗೆ ಸಾಮಾನ್ಯವಾಗಿ 20 ಇಂಚು ಅಥವಾ ಇನ್ನೂ ಜಾಸ್ತಿ ಬೇಕು. ಲಾಂಗ್ ಶಾಫ್ಟನ್ನು ಡಿಂಗಿಗೆ ಹಾಕಿದರೆ ಓಡುತ್ತದೆ, ಆದರೆ ನೀರಿನಲ್ಲಿ ಎಳೆತ ಜಾಸ್ತಿ, ದಡದ ಹತ್ತಿರ ಬಂದ ಕೂಡಲೇ ಪ್ರೊಪೆಲ್ಲರ್ ಕಲ್ಲು ಮರಳಿಗೆ ಬಡಿಯುತ್ತದೆ. ಹಾಗಾಗಿ ಯಜಮಾನ ಯಾರು ಅಂತ ಮೊದಲೇ ತೀರ್ಮಾನಿಸಿ. ದೊಡ್ಡ ದೋಣಿಯಲ್ಲಿ ಒಳಗೆ ಬೇರೆ ಎಂಜಿನ್ ಇದ್ದರೆ ಡಿಂಗಿಯನ್ನು ನೋಡಿ ಮೋಟರ್ ತಗೊಳ್ಳಿ. ದೊಡ್ಡ ದೋಣಿಗೆ ಇದೊಂದೇ ಎಂಜಿನ್ ಅಂತಾದರೆ ಅದಕ್ಕೆ ಹೊಂದುವ ಉದ್ದವೇ ಸರಿ. ಡಿಂಗಿಗೆ ಒಂದು ಜೊತೆ ಹುಟ್ಟು ಸಾಕು, ಮೈಗೂ ಒಳ್ಳೇದು.

ಎತ್ತಿ ನೋಡಿ

2ರಿಂದ 2.5 ಎಚ್‌ಪಿಯ ಫೋರ್ ಸ್ಟ್ರೋಕ್ ಮೋಟರ್ ಸುಮಾರು 13ರಿಂದ 17 ಕಿಲೋ ಇರುತ್ತದೆ. 4ರಿಂದ 6 ಎಚ್‌ಪಿಯವು 25 ಕಿಲೋ ಆಸುಪಾಸು. 8ರಿಂದ 10ಕ್ಕೆ ಹೋದರೆ 40 ಕಿಲೋ ಹತ್ತಿರ. ಅಂಗಡಿಯ ನೆಲದ ಮೇಲೆ 25 ಕಿಲೋ ಎತ್ತುವುದು ದೊಡ್ಡ ವಿಷಯವಲ್ಲ. ಅಲ್ಲಾಡುವ ದೋಣಿಯ ಅಂಚಿನಿಂದ ಬಗ್ಗಿ, ಕೆಳಗೆ ಅದಕ್ಕಿಂತ ಜಾಸ್ತಿ ಅಲ್ಲಾಡುತ್ತಿರುವ ಡಿಂಗಿಗೆ ಇಳಿಸುವುದು ಬೇರೆಯೇ ಕೆಲಸ. ದಿನಾ ಇಳಿಸಿ ಏರಿಸುವವರು 3.5 ಎಚ್‌ಪಿ ದಾಟದಿರುವುದು ವಾಸಿ. ಯಾವ ಮೋಟರೇ ಆಗಲಿ, ಕೈ ಬದಲಾಯಿಸುವ ಮುಂಚೆ ಹಗ್ಗ ಕಟ್ಟಿಕೊಳ್ಳಿ.

ಕೆಲವು ಕಂಪನಿಗಳ 4, 5, 6 ಎಚ್‌ಪಿ ಮೋಟರ್‌ಗಳು ಒಂದೇ ಎಂಜಿನ್ನಿನವು, ತೂಕವೂ ಹೆಚ್ಚುಕಮ್ಮಿ ಒಂದೇ. ಅಂಥ ಕಡೆ 4 ತಗೊಂಡು ಉಳಿಯುವುದು ಬರೀ ದುಡ್ಡು, ಬೆನ್ನಲ್ಲ.

ಈಗ ಎಚ್‌ಪಿ

ನೀರನ್ನು ಸೀಳಿಕೊಂಡು ಹೋಗುವ ಭಾರದ ದೋಣಿಗೆ ಒಂದು ವೇಗದ ಮಿತಿ ಇದೆ. ನೀರಿನ ಮಟ್ಟದಲ್ಲಿ ದೋಣಿಯ ಉದ್ದ ಎಷ್ಟು ಅಡಿ ಅಂತ ನೋಡಿ, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿ. 16 ಅಡಿ ಆದರೆ 4ರ 1.34 ಪಟ್ಟು, ಅಂದರೆ ಸುಮಾರು 5.4 ನಾಟ್ (ಗಂಟೆಗೆ ಸುಮಾರು 10 ಕಿಲೋಮೀಟರ್). ಅದರಾಚೆ ಎಚ್‌ಪಿ ಸುರಿದರೆ ಹಿಂಭಾಗ ಕುಸಿಯುತ್ತದೆ, ಪೆಟ್ರೋಲ್ ಹೋಗುತ್ತದೆ, ಅಷ್ಟೇ. ಒಂದು ಟನ್ ತೂಕಕ್ಕೆ 3ರಿಂದ 4 ಎಚ್‌ಪಿ ಅಂತ ಲೆಕ್ಕ ಹಾಕಿದರೆ ಎದುರುಗಾಳಿಗೂ ಸ್ವಲ್ಪ ಮಿಗುತ್ತದೆ. ಭಾರದ ದೋಣಿಗೆ ಪ್ರೊಪೆಲ್ಲರ್ ಅಗಲವಾಗಿರಬೇಕು, ಪಿಚ್ (ಒಂದು ಸುತ್ತಿಗೆ ಅದು ಮುಂದೆ ಸಾಗುವ ಲೆಕ್ಕದ ದೂರ) ಕಮ್ಮಿ ಇರಬೇಕು. ಜೊತೆಗೆ ಬರುವ ಪ್ರೊಪೆಲ್ಲರ್ ಎಷ್ಟೋ ಸಲ ಹಗುರ ದೋಣಿಯದು, ಅದನ್ನು ಕೇಳಿ ಬದಲಾಯಿಸಿಕೊಳ್ಳಿ.

ಡಿಂಗಿಯಲ್ಲಿ ಇಬ್ಬರು ಮೆಲ್ಲಗೆ ದಡ ಸೇರಲು 2.5 ಎಚ್‌ಪಿ ಬೇಕಾದಷ್ಟಾಯಿತು. ನೀರಿನ ಮೇಲೆ ಜಾರಿಕೊಂಡು ಓಡಬೇಕು ಅನ್ನುವ ಆಸೆ ಇದ್ದರೆ ಇಬ್ಬರಿಗೆ 8ರಿಂದ 10 ಬೇಕಾಗುತ್ತದೆ. ಆಗ ಡಿಂಗಿಯ ಮೇಲೆ ಬರೆದಿರುವ ಗರಿಷ್ಠ ಎಚ್‌ಪಿಯನ್ನು ಮೀರಬೇಡಿ.

ಗೇರು, ಟ್ಯಾಂಕು, ಬ್ಯಾಟರಿ

ತೀರಾ ಸಣ್ಣ ಮೋಟರ್‌ಗಳಲ್ಲಿ ರಿವರ್ಸ್ ಗೇರ್ ಇರುವುದಿಲ್ಲ, ಮೋಟರನ್ನೇ ಹಿಂದಕ್ಕೆ ತಿರುಗಿಸಬೇಕು. ಡಿಂಗಿಗೆ ಪರವಾಗಿಲ್ಲ. ಒಂದೂವರೆ ಟನ್ ದೋಣಿ ಕಟ್ಟೆಯ ಹತ್ತಿರ ಬರುವಾಗ ರಿವರ್ಸೇ ಬ್ರೇಕು ಅಲ್ವಾ, ಅದಿಲ್ಲದ ಮೋಟರ್ ಅಲ್ಲಿಗೆ ಬೇಡ. ಸಣ್ಣ ಮೋಟರಿನ ಮೈಮೇಲಿನ ಟ್ಯಾಂಕಿಗೆ ಸುಮಾರು ಒಂದು ಲೀಟರ್ ಹಿಡಿಯುತ್ತದೆ. ದೂರ ಹೋಗುವವರು ಹೊರಗಿನ ಟ್ಯಾಂಕ್ ಜೋಡಿಸಲು ಬರುತ್ತದಾ ಅಂತ ಕೇಳಿಕೊಳ್ಳಿ.

ಎಲೆಕ್ಟ್ರಿಕ್ ಮೋಟರ್ ಡಿಂಗಿಗೆ ಚೆನ್ನಾಗಿದೆ. ಸದ್ದಿಲ್ಲ, ಬ್ಯಾಟರಿ ಕಳಚಿ ಎರಡು ಹಗುರ ತುಂಡು ಮಾಡಿ ಸಾಗಿಸಬಹುದು. ಆದರೆ 1 ಕಿಲೋವ್ಯಾಟ್ ಮೋಟರನ್ನು 1.25 ಕಿಲೋವ್ಯಾಟ್ ಅವರ್ ಬ್ಯಾಟರಿಯಲ್ಲಿ ಪೂರ್ತಿ ವೇಗಕ್ಕೆ ಬಿಟ್ಟರೆ ಒಂದೂಕಾಲು ಗಂಟೆಗೆ ಖಾಲಿ. ಎದುರುಗಾಳಿಯಲ್ಲಿ ದೊಡ್ಡ ದೋಣಿಯನ್ನು ವಾಪಸ್ ತರುವ ಭಾರ ಅದರ ಮೇಲೆ ಹಾಕುವುದು ನನಗಂತೂ ಸರಿ ಕಾಣುವುದಿಲ್ಲ.

ಸೆಕೆಂಡ್ ಹ್ಯಾಂಡ್ ಆದರೆ ನೀರಿನಲ್ಲಿ ಇಟ್ಟು ಓಡಿಸಿ ನೋಡದೆ ದುಡ್ಡು ಕೊಡಬೇಡಿ. ನೀರಿನಿಂದ ತಂಪಾಗುವ ಎಂಜಿನ್ ಆಗಿದ್ದರೆ ಹಿಂದಿನ ಸಣ್ಣ ತೂತಿನಿಂದ ನೀರು ಚಿಮ್ಮುತ್ತಿರಬೇಕು. ಬರದಿದ್ದರೆ ಕಸ ಕಟ್ಟಿಕೊಂಡಿರಬಹುದು, ನೀರು ಎಳೆಯುವ ಪಂಪಿನ ಚಕ್ರ (ಇಂಪೆಲ್ಲರ್) ಹೋಗಿರಬಹುದು. ಫೋರ್ ಸ್ಟ್ರೋಕ್ ಮೋಟರನ್ನು ಮನೆಗೆ ಒಯ್ಯುವಾಗ ಕಂಪನಿ ಹೇಳಿದ ಮಗ್ಗುಲಿಗೇ ಮಲಗಿಸಿ, ಇಲ್ಲದಿದ್ದರೆ ಆಯಿಲ್ ಸಿಲಿಂಡರಿಗೆ ಇಳಿಯುತ್ತದೆ.