ಬಾಡಿಗೆಗೆ ಕೊಡುವ ಮೊದಲು: ಮೀಟರ್, ನೀರು, ಅಡ್ವಾನ್ಸ್

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಮಾಲೀಕರಿಗೂ ಬಾಡಿಗೆಯವರಿಗೂ ಮನಸ್ತಾಪ ಬರುವುದು ಹೆಚ್ಚಾಗಿ ಕರೆಂಟ್ ಬಿಲ್, ನೀರು, ಅಡ್ವಾನ್ಸ್ ವಿಷಯಕ್ಕೆ. ಮೂರನ್ನೂ ಕೀಲಿ ಕೊಡುವ ಮೊದಲೇ ಸರಿಮಾಡಿಟ್ಟುಕೊಳ್ಳಬಹುದು.

ಪ್ರತಿ ಮನೆಗೂ ಇಲ್ಲಿನ ಕರೆಂಟ್ ಕಂಪನಿ ಜೆಸ್ಕಾಂನಲ್ಲಿ ಬೇರೆ ಆರ್.ಆರ್. ನಂಬರ್ (ಕರೆಂಟ್ ಸಂಪರ್ಕದ ನಂಬರ್) ಮಾಡಿಸಿ. ಒಂದೇ ಮೀಟರಿನಲ್ಲಿ ಎರಡು ಸಂಸಾರ ನಡೆದರೆ, ಬೇಸಿಗೆಯಲ್ಲಿ ಕೂಲರ್ ಹಗಲೂ ರಾತ್ರಿ ಓಡಿದಾಗ 200 ಯೂನಿಟ್ ದಾಟಿಬಿಡುತ್ತದೆ. ಮನೆಗಳಿಗೆ ಉಚಿತ ಕರೆಂಟ್ ಕೊಡುವ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ 200 ದಾಟಿದರೆ ಹೆಚ್ಚಿನ ಯೂನಿಟ್‌ಗಳಿಗಷ್ಟೇ ಅಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಬಾಡಿಗೆಯವರಿಗೂ ಈ ಯೋಜನೆ ಸಿಗುತ್ತದೆ. ನೋಂದಣಿಗೆ ಕರಾರು ಪತ್ರದ ಪ್ರತಿ ಕೊಡಲು ಹಿಂದೆಮುಂದೆ ನೋಡಬೇಡಿ. ಹಳಬರು ಖಾಲಿ ಮಾಡುವಾಗ ಆ ಆರ್.ಆರ್. ನಂಬರಿನಿಂದ ಅವರ ಆಧಾರ್ ಬಿಡಿಸಿ (ಡಿ-ಲಿಂಕ್ ಮಾಡಿಸಿ), ಇಲ್ಲದಿದ್ದರೆ ಹೊಸಬರಿಗೆ ತೊಡಕು. ಸದ್ಯಕ್ಕೆ ಸಬ್‌ಮೀಟರ್ (ಮುಖ್ಯ ಮೀಟರಿನ ನಂತರ ಮಾಲೀಕರು ಹಾಕಿಸಿದ ಮೀಟರ್) ಇದ್ದರೆ ರೀಡರ್ ಬಂದ ದಿನವೇ ಇಬ್ಬರೂ ನಿಂತು ರೀಡಿಂಗ್‌ನ ಫೋಟೊ ತೆಗೆದುಕೊಳ್ಳಿ. ಬಿಲ್ಲಿನ ದರಕ್ಕಿಂತ ಒಂದು ಪೈಸೆಯೂ ಹೆಚ್ಚು ಕೇಳಬಾರದು.

ನೀರಿನ ಲೆಕ್ಕ ಇನ್ನೂ ಮುಖ್ಯ. ತಲೆಗೆ ದಿನಕ್ಕೆ 135 ಲೀಟರ್ ಅಂದರೆ ನಾಲ್ಕು ಮಂದಿಗೆ 540. ನಲ್ಲಿ ನೀರು ಮೂರು ದಿನಕ್ಕೊಮ್ಮೆ ಬರುವ ಓಣಿಯಲ್ಲಿ ಒಂದು ಮನೆಗೇ 1,600 ಲೀಟರ್ ಕೂಡಿಡಲು ಜಾಗ ಬೇಕು. 1,000 ಲೀಟರಿನ ಒಂದೇ ಟ್ಯಾಂಕಿಟ್ಟು ನೀರಿಗೇನೂ ಕೊರತೆಯಿಲ್ಲ ಎಂದು ಹೇಳಬೇಡಿ. ಇಬ್ಬರಿಗೂ ಒಂದೇ ಟ್ಯಾಂಕ್ ಇದ್ದರೆ ಪೈಪ್ ಕೂಡಿಸಿದ ಎತ್ತರ ನೋಡಿ. ತಳಕ್ಕೆ ಹತ್ತಿರದ ಪೈಪಿನವರಿಗೆ ಕೊನೆಯವರೆಗೂ ನೀರು ಬರುತ್ತದೆ, ಮೇಲಿನ ಪೈಪಿನವರಿಗೆ ಬೇಗ ನಿಲ್ಲುತ್ತದೆ. ಎರಡನ್ನೂ ಒಂದೇ ಮಟ್ಟದಲ್ಲಿ ಕೂಡಿಸಿ. ಬೇರೆ ಬೇರೆ ಟ್ಯಾಂಕ್ ಇಟ್ಟರೆ ಇನ್ನೂ ಒಳ್ಳೆಯದು. ಮೋಟರ್ ಸ್ವಿಚ್ ಬಾಡಿಗೆಯವರ ಕೈಗೂ ಸಿಗಲಿ.

ಮೇಲಿನ ಮನೆಯಾದರೆ ಯುಗಾದಿಗೆ ಮೊದಲೇ ಮಾಳಿಗೆಗೆ ಎರಡು ಕೋಟ್ ಬಿಳಿ ಸುಣ್ಣ ಹೊಡೆಸಿ. ಕಾದ ಸ್ಲ್ಯಾಬ್ ರಾತ್ರಿಯೂ ಸೆಕೆ ಬಿಡುತ್ತಿರುತ್ತದೆ, ಕೂಸುಗಳಿಗೆ ನಿದ್ದೆ ಬರುವುದಿಲ್ಲ.

ಅಡ್ವಾನ್ಸ್ ಎರಡು ಮೂರು ತಿಂಗಳ ಬಾಡಿಗೆಗಿಂತ ಹೆಚ್ಚು ಬೇಡ. ಮನೆ ಸೇರುವ ದಿನ ಗೋಡೆ, ಬಾಗಿಲು, ನಲ್ಲಿ, ಬಚ್ಚಲುಮನೆ ಎಲ್ಲದರ ವಿಡಿಯೊ ತೆಗೆದು ಇಬ್ಬರ ಫೋನಿನಲ್ಲೂ ಇಟ್ಟುಕೊಳ್ಳಿ. ಬಳಕೆಯಿಂದ ಮಾಸಿದ ಬಣ್ಣಕ್ಕೂ, ಉಪ್ಪುನೀರಿಗೆ ಕಟ್ಟಿದ ನಲ್ಲಿಗೂ ದುಡ್ಡು ಹಿಡಿಯುವುದು ನ್ಯಾಯವಲ್ಲ. ಬಾಕಿ ಬಿಲ್ ಕಳೆದು ಉಳಿದದ್ದನ್ನು ಬಾಡಿಗೆಯವರು ಕೀಲಿ ಮರಳಿಸಿದ ದಿನವೇ ಕೊಡಿ. ಅವರು ಮುಂದಿನ ಮನೆಗೆ ಅಡ್ವಾನ್ಸ್ ಕಟ್ಟಬೇಕಿರುವುದೂ ಅದರಲ್ಲೇ.

ಖಾಲಿ ಮಾಡಿಸಬೇಕೆಂದರೆ ಬರವಣಿಗೆಯಲ್ಲಿ ತಿಳಿಸಿ. ತಿಂಗಳ ಬಾಡಿಗೆಗೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಕಾನೂನು ಕೇಳುವುದು 15 ದಿನದ ನೋಟಿಸು. ಎರಡು ತಿಂಗಳು ಕೊಡಿ, ಅದೂ ಶಾಲೆ ರಜೆ ಇರುವ ಏಪ್ರಿಲ್-ಮೇಗೆ ಮುಗಿಯುವಂತೆ ನೋಡಿಕೊಳ್ಳಿ.