ಕರ್ನಾಟಕದ ಜನಸಂಖ್ಯೆಗೆ ಘಾತೀಯ ಸೂತ್ರ: ನಾನು ಲೆಕ್ಕ ಹಾಕುವ ಬಗೆ

1971ರಿಂದ 2011ರವರೆಗಿನ ಐದು ಜನಗಣತಿಗಳಲ್ಲಿ ಕರ್ನಾಟಕದ ಜನಸಂಖ್ಯೆ, ಕೋಟಿಗಳಲ್ಲಿ: 2.930, 3.714, 4.498, 5.285, 6.110. ಘಾತೀಯ ಬೆಳವಣಿಗೆಯನ್ನು, ಅಂದರೆ ಪ್ರತಿ ವರ್ಷ ಒಂದೇ ಶೇಕಡಾವಾರು ದರದಲ್ಲಿ ಏರುವುದನ್ನು, ಪರೀಕ್ಷಿಸಲು ನಾನು ಮೊದಲು ಎತ್ತಿಕೊಳ್ಳುವುದು ಈ ಅಂಕಿಗಳನ್ನೇ.

ಮೊದಲು 1971ನ್ನು ಸೊನ್ನೆ ಎಂದು ಇಟ್ಟುಕೊಳ್ಳುತ್ತೇನೆ. ಇಸವಿಯನ್ನು ಇದ್ದ ಹಾಗೇ ಹಾಕಿದರೆ ದರದ ಕೊನೆಯ ದಶಮಾಂಶವನ್ನು ಸ್ವಲ್ಪ ಕತ್ತರಿಸಿದರೂ ಅದು ಎರಡು ಸಾವಿರದಿಂದ ಗುಣವಾಗಿ ಉತ್ತರ ಹಾಳಾಗುತ್ತದೆ. ಆಮೇಲೆ ಪ್ರತಿ ಸಂಖ್ಯೆಯ ಸ್ವಾಭಾವಿಕ ಲಾಗರಿದಮ್ (ಆಧಾರ e, ಸುಮಾರು 2.718): ಬೆಳವಣಿಗೆ ಘಾತೀಯವಾಗಿದ್ದರೆ ಲಾಗ್ ಬೆಲೆಗಳು ಸರಳರೇಖೆಯಲ್ಲಿ ಬರುತ್ತವೆ. ಎಕ್ಸೆಲ್‌ನಲ್ಲಿ ಇದಕ್ಕೆ ಎಲ್‌ಎನ್ ಫಂಕ್ಷನ್ ಬೇಕು. ಬರೀ ಲಾಗ್ ಎಂದರೆ ಆಧಾರ 10, ಆಗ ಇಳಿಜಾರನ್ನು 2.303ರಿಂದ ಗುಣಿಸಬೇಕು.

ಐದು ಲಾಗ್ ಬೆಲೆಗಳಿಗೆ ಸರಳರೇಖೆ ಹೊಂದಿಸಿದರೆ ಇಳಿಜಾರು, ಅಂದರೆ ಬೆಳವಣಿಗೆಯ ದರ, ವರ್ಷಕ್ಕೆ 0.0182. ದ್ವಿಗುಣವಾಗುವ ಅವಧಿ 2ರ ಸ್ವಾಭಾವಿಕ ಲಾಗ್ ಆದ 0.693ನ್ನು ಇದರಿಂದ ಭಾಗಿಸಿದಷ್ಟು, ಅಂದರೆ ಸುಮಾರು 38 ವರ್ಷ. ರೇಖೆ ಎಷ್ಟು ಚೆನ್ನಾಗಿ ಹೊಂದಿದೆ ಎಂದು ಹೇಳುವ ಆರ್ ಸ್ಕ್ವೇರ್ (ಗರಿಷ್ಠ 1) 0.99. ಹೆಚ್ಚಿನವರು ಇಲ್ಲೇ ನಿಲ್ಲಿಸುತ್ತಾರೆ. ನಿಲ್ಲಿಸಬಾರದು.

ನಿಜವಾದ ಲಾಗ್‌ನಿಂದ ರೇಖೆಯ ಬೆಲೆಯನ್ನು ಕಳೆದು ಚಿಹ್ನೆ ನೋಡಿ: ಎರಡು ತುದಿಗಳಲ್ಲಿ ಋಣ, ನಡುವಿನ ಮೂರರಲ್ಲೂ ಧನ. ತಪ್ಪುಗಳು ಹೀಗೆ ಸಾಲಾಗಿ ಕಮಾನು ಕಟ್ಟಿದರೆ ಸೂತ್ರವೇ ಹೊಂದಿಲ್ಲ ಎಂದರ್ಥ. ದಶಕವಾರು ಲಾಗ್ ವ್ಯತ್ಯಾಸವನ್ನು 10ರಿಂದ ಭಾಗಿಸಿದಾಗ ಕಾರಣ ಕಾಣುತ್ತದೆ: 0.0237, 0.0192, 0.0161, 0.0145. ದರ ಸ್ಥಿರವಾಗಿಲ್ಲ, ಇಳಿಯುತ್ತಲೇ ಇದೆ. ಜನನ ಪ್ರಮಾಣ ಕುಸಿದ ರಾಜ್ಯದಲ್ಲಿ ಇದು ಸಹಜ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಇಲ್ಲಿನ ಒಟ್ಟು ಫಲವತ್ತತೆ ದರ (ಒಬ್ಬ ಮಹಿಳೆ ಜೀವಮಾನದಲ್ಲಿ ಸರಾಸರಿ ಹೆರುವ ಮಕ್ಕಳ ಸಂಖ್ಯೆ) 1.7ಕ್ಕೆ ಬಂದಿತ್ತು.

ಈಗ ಲಾಗ್ ಬಿಟ್ಟು ಬರೀ ಕಳೆಯಿರಿ. ದಶಕಕ್ಕೆ ಏರಿದ್ದು ಕ್ರಮವಾಗಿ 78.4, 78.4, 78.7, 82.4 ಲಕ್ಷ. ಮೊದಲ ಮೂರು ದಶಕ ಹೆಚ್ಚುಕಡಿಮೆ ನೇರ ಗೆರೆ! ಆದ್ದರಿಂದ ನನ್ನ ನಿಯಮ: ವಕ್ರರೇಖೆ ಎಳೆಯುವ ಮುನ್ನ ಎರಡೂ ಕಂಬಸಾಲು ಬರೆಯಬೇಕು, ಸಾದಾ ವ್ಯತ್ಯಾಸ ಮತ್ತು ಲಾಗ್ ವ್ಯತ್ಯಾಸ. ಯಾವುದು ಸ್ಥಿರವೋ ಅದೇ ಮಾದರಿ.

ಆಯ್ಕೆ ತಪ್ಪಿದರೆ ಪೆಟ್ಟು ಬೀಳುವುದು ಮುಂದಿನ ಅಂದಾಜಿಗೆ. 2021ಕ್ಕೆ ಘಾತೀಯ ರೇಖೆ 7.54 ಕೋಟಿ ಕೊಡುತ್ತದೆ. ದಶಕಕ್ಕೆ 80 ಲಕ್ಷ ಎಂದು ಹಿಡಿದರೆ 6.91 ಕೋಟಿ. ಅಂತರ 60 ಲಕ್ಷಕ್ಕೂ ಮೇಲೆ. ಆದರೆ ಎರಡು ಗಣತಿಗಳ ನಡುವಿನ ವರ್ಷವನ್ನು ತುಂಬಲು ಆ ದಶಕದ್ದೇ ದರ ಬಳಸಿದರೆ ಘಾತೀಯ ಸೂತ್ರ ಧಾರಾಳವಾಗಿ ಸಾಕು: 2005ಕ್ಕೆ 5.60 ಕೋಟಿ, ನೇರ ಗೆರೆಯಲ್ಲಿ 5.61.